ನೇರಳೆ ಬೊಟ್ಟು

ದೇವಿರಮ್ಮ ಬಂದಾಗ ಪ್ರೇಮಲೀಲಾ ಅಂಗಳದಲ್ಲಿ ಹರವಿದ್ದ ಸಂಡಿಗೆಗೆ ಕಾಗೆ ಕಾಯುತ್ತ ಕೂತಿದ್ದಳು. ಗೇಟಿನಾಚೆ ನರ್ಸಿನ ಬಿಳಿ ಸೀರೆ ಕಂಡು, ಯಾವುದೋ ಚಂದಾ ಕೇಳಲು ಬಂದವರಿರಬೇಕು ಎಂದುಕೊಂಡು ಏಳಲಿಲ್ಲ. ಆದರೆ ಆ ಹೆಂಗಸು ಒಳಗೂ ಬರದೆ, ಹೋಗಲೂ ಹೋಗದೆ, ಕಂಬಿ ಹಿಡಿದು ನಿಂತೇ ಇದ್ದಳು. ಪ್ರೇಮಲೀಲಾ ಎದ್ದು ಹತ್ತಿರ ಹೋಗಿ ನೋಡಿದಳು. ಅತ್ತು ಅತ್ತು ಅಳುವೂ ಮುಗಿದುಹೋದ ಮುಖ.

"ಗಿರಿಜಾಂಬಾ ಅಮ್ಮಾವ್ರು ಇದಾರಾ?" ಎಂದಳು ದೇವಿರಮ್ಮ. "ನಾನೊಂದು ಮಗೂನ ಕೊಂದೆ ಅಂತಿದಾರೆ."

ಚಾಮರಾಜಪುರಂನ ಆ ಮನೆಗೆ ಇಂಥ ಮುಖಗಳು ಬರುವುದು ಹೊಸದಲ್ಲ. ಗಿರಿಜಾಂಬಾ ಹೆಣ್ಣುಮಕ್ಕಳ ಶಾಲೆಗಳ ಇನ್‌ಸ್ಪೆಕ್ಟ್ರೆಸ್ ಆಗಿ ನಿವೃತ್ತರಾದವರು. ಮದುವೆ ಮನೆಯಲ್ಲಿ ಮಾಯವಾದ ಒಡವೆ, ಸತ್ತವರ ಹೆಸರಿನಲ್ಲಿ ಬಂದ ಬೆದರಿಕೆ, ಇಂಥವನ್ನೆಲ್ಲ ಅವರ ಜಗಲಿಗೆ ತಂದು ಸುರಿದರೆ ಬಿಡಿಸಿಕೊಡುತ್ತಾರೆಂಬ ಮಾತು ಊರಲ್ಲಿತ್ತು. ಪ್ರೇಮಲೀಲಾ ಅವರ ದೂರದ ಸಂಬಂಧಿ. ಮಕ್ಕಳಾಗಲಿಲ್ಲವೆಂದು ಗಂಡ ಎರಡನೆಯವಳನ್ನು ಮನೆಗೆ ತಂದ ವರ್ಷ ಒಂದು ಟ್ರಂಕಿನೊಡನೆ ಇಲ್ಲಿಗೆ ಬಂದವಳು, ಹಾಗೇ ಉಳಿದಿದ್ದಳು. ಅಕ್ಕ ಹೋದಲ್ಲಿಗೆಲ್ಲ ಹೋಗುವುದು, ಅಕ್ಕ ಕಂಡದ್ದನ್ನು ತಾನೂ ಕಂಡು ಅರ್ಥವಾಗದೆ ಮನೆಗೆ ಬರುವುದು, ಇದೇ ಅವಳ ಬದುಕಾಗಿತ್ತು.

ದೇವಿರಮ್ಮ ಕಾಫಿ ಮುಟ್ಟದೆ ಹೇಳಿದ್ದು ಇಷ್ಟು. ಆ ವರ್ಷ ಸರ್ಕಾರ ಒಂದು ಹೊಸ ಕೆಲಸಕ್ಕೆ ದುಡ್ಡು ಕೊಟ್ಟಿತ್ತು. ಹುಟ್ಟಿದ ಪ್ರತಿ ಮಗುವನ್ನೂ ಕಾಯಿಲೆ ತಲೆಯೆತ್ತುವ ಮೊದಲೇ ಪರೀಕ್ಷಿಸಬೇಕು. ತೂಕ ಹಾಕಬೇಕು, ಕಿಟಕಿಯ ಬೆಳಕಿನಲ್ಲಿ ಮೈಬಣ್ಣ ನೋಡಬೇಕು, ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕು. ಮೈಸೂರಿನಲ್ಲಿ ಅದಕ್ಕೆ ಆರಿಸಿದ್ದು ಮಹಿಳಾ ಸಮಿತಿಯೊಂದು ನಡೆಸುತ್ತಿದ್ದ ಸಣ್ಣ ಹೆರಿಗೆ ಮನೆಯನ್ನು. ಒಂದು ವರ್ಷ ಚೆನ್ನಾಗಿ ನಡೆದರೆ ಅನುದಾನ ಮುಂದುವರಿಯುತ್ತದೆ, ಜಿಲ್ಲೆಯ ಇತರ ಕಡೆಗೂ ಹಬ್ಬುತ್ತದೆ. ದೇವಿರಮ್ಮನನ್ನು ನೇಮಿಸಿದ್ದು ಈ ಕೆಲಸಕ್ಕೇ.

ಕಡಕೊಳದಿಂದ ಬಂದ ಚಾಮುಂಡೇಶ್ವರಿ ಎಂಬವಳ ಗಂಡುಮಗುವನ್ನು ಅವಳು ಹೀಗೆಯೇ ಪರೀಕ್ಷಿಸಿದ್ದಳು. ತೂಕ ಸರಿಯಾಗಿತ್ತು, ಮೈ ಕೆಂಪಗಿತ್ತು, ರಕ್ತವೂ ಚೆನ್ನಾಗಿದೆಯೆಂದು ವರದಿ ಬಂತು. ಅದರ ಬೆನ್ನಿಗೇ ಮಗು ಮೊಲೆ ಬಿಟ್ಟಿತು, ಸೆಟೆದುಕೊಂಡಿತು, ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿತು. ಇಲಾಖೆಯ ಡಾಕ್ಟರ್ ಏಕಾಂತಯ್ಯನವರು ಬಂದು ನೋಡಿದರೆ ಮಗು ಅಡಿಯಿಂದ ಮುಡಿಯವರೆಗೆ ಕಾಮಾಲೆಯ ಹಳದಿ. ಹಿಮ್ಮಡಿಯಲ್ಲಿ ಸೂಜಿಯ ಗುರುತೂ ಇರಲಿಲ್ಲ.

"ಚುಚ್ಚಿದ ಜಾಗಕ್ಕೆ ನೇರಳೆ ಔಷಧದ ಬೊಟ್ಟಿಡ್ತೀನಿ ಅಮ್ಮಾವ್ರೇ. ಎಷ್ಟು ನೀರು ಹುಯ್ದರೂ ಸುಮಾರು ದಿನ ಹೋಗಲ್ಲ. ಸತ್ತ ಮಗುವಿನ ಕಾಲಲ್ಲಿ ಅದೂ ಇರಲಿಲ್ಲ. ನಾನು ಆ ಮಗೂನ ಮುಟ್ಟೇ ಇಲ್ಲ, ಸೋಮಾರಿತನಕ್ಕೆ ಪಕ್ಕದ ಮಗುವಿನ ರಕ್ತಾನೇ ಎರಡು ಹೆಸರಲ್ಲಿ ಕಳಿಸಿದೀನಿ ಅಂತ ಡಾಕ್ಟರು ಅಂತಾರೆ. ಮಗುವಿನ ಅಪ್ಪ ಪೊಲೀಸಿಗೆ ಹೋಗ್ತೀನಿ ಅಂತ ಕೂತಿದಾನೆ."

"ನೀನು ಆ ಮಗೂನ ಪರೀಕ್ಷೆ ಮಾಡಿದ್ದು ನೆನಪಿದೆಯಾ?" ಎಂದು ಕೇಳಿದರು ಗಿರಿಜಾಂಬಾ.

"ಚೆನ್ನಾಗಿ ನೆನಪಿದೆ. ನಾನು ಯಾವಾಗಲೂ ಎಡಗಾಲಿಗೇ ಚುಚ್ಚೋದು. ಆ ಮಗುವಿನ ಎಡ ಹಿಮ್ಮಡಿಗೆ ಕಾಡಿಗೆ ಮೆತ್ತಿದ್ರು, ದೃಷ್ಟಿಗೆ. ಮಸಿ ಗಾಯದೊಳಗೆ ಹೋಗಬಾರದು ಅಂತ ಬಲಗಾಲಿಗೆ ಚುಚ್ಚಿದೆ. ಇದನ್ನ ಹೇಳಿದ್ರೆ, ಎಡಗಾಲಲ್ಲೂ ಗುರುತಿಲ್ಲ ಬಲಗಾಲಲ್ಲೂ ಗುರುತಿಲ್ಲ, ಕತೆ ಕಟ್ಟಬೇಡ ಅಂದ್ರು."

"ಮಗೂನ ಕಿಟಕಿ ಬೆಳಕಿಗೆ ತಂದವರು ಯಾರು?"

"ತಾಯೀನೇ. ಇದೇ ಮೊದಲ ಹೆರಿಗೆ ಅಂದಳು. ಕೈ ನಡುಗ್ತಿತ್ತು, ಪಾಪ. ಹೊಸದಾಗಿ ಹೆತ್ತೋರಿಗೆ ಸೂಜಿ ಕಂಡ್ರೆ ಹಾಗೇ ಆಗುತ್ತೆ."

ಗಿರಿಜಾಂಬಾ ಸೆರಗು ಸರಿಮಾಡಿಕೊಂಡು ಎದ್ದರು. ಸಂಡಿಗೆಯನ್ನು ಕಾಗೆಗಳಿಗೆ ಬಿಟ್ಟು ಪ್ರೇಮಲೀಲಾ ಹಿಂದೆಯೇ ಹೊರಟಳು.

ಹೆರಿಗೆ ಮನೆಯ ಕಾರ್ಯದರ್ಶಿ ಸದಾಶಿವಯ್ಯ ಬಾಗಿಲಲ್ಲೇ ಸಿಕ್ಕಿದರು. ಅವರಿಗೆ ಸತ್ತ ಮಗುವಿಗಿಂತ ಸಾಯುತ್ತಿರುವ ಅನುದಾನದ ಚಿಂತೆ. ದೇವಿರಮ್ಮ ರಾಜೀನಾಮೆ ಬರೆದುಕೊಟ್ಟರೆ ಎಲ್ಲರಿಗೂ ಒಳ್ಳೆಯದು, ತಪ್ಪು ಒಬ್ಬರ ಮೇಲೆ ನಿಂತರೆ ಯೋಜನೆ ಉಳಿಯಬಹುದು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಇನ್ನು ಯಾವ ಆಸ್ಪತ್ರೆಯೂ ಅವಳನ್ನು ಸೇರಿಸುವುದಿಲ್ಲವಲ್ಲ ಎಂದು ಗಿರಿಜಾಂಬಾ ಕೇಳಿದ್ದಕ್ಕೆ ಅವರು ಚಾಮುಂಡಿ ಬೆಟ್ಟದ ಕಡೆ ನೋಡಿದರು.

ಉದ್ದನೆಯ ಕೋಣೆಯಲ್ಲಿ ಸಾಲು ಮಂಚಗಳು, ಒಂದೊಂದರ ಪಕ್ಕಕ್ಕೂ ಒಂದು ತೊಟ್ಟಿಲು. ಕೊನೆಯ ಮಂಚದ ಪಕ್ಕದ ತೊಟ್ಟಿಲು ಖಾಲಿ. ಯಾರಿಗೂ ಅದನ್ನು ಎತ್ತಿ ಆಚೆ ಇಡಬೇಕೆಂದು ತೋಚಿರಲಿಲ್ಲ. ಚಾಮುಂಡೇಶ್ವರಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎದೆಗೆ ಬಿಗಿದು ಕಟ್ಟಿದ್ದ ಬಟ್ಟೆಯನ್ನೂ ನೆನೆಸಿಕೊಂಡು ಹಾಲು ಸೋರುತ್ತಿತ್ತು. ಪ್ರೇಮಲೀಲಾ ಕಣ್ಣು ತಿರುಗಿಸಿಕೊಂಡಳು.

ಮಾತೆಲ್ಲ ಅತ್ತೆ ಕೆಂಚಮ್ಮನದು. ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದ ಅವಳು ಕೇಳುವ ಮೊದಲೇ ಶುರು ಮಾಡಿದಳು.

"ಹರಕೆ ತೀರಿಸಾಕೆ ನಂಜನಗೂಡಿಗೆ ಹೋಗ್ಬುಟ್ಟಿದ್ದೆ ಕಣವ್ವ, ಸೂಜಿ ಚುಚ್ಚಿದ್ದು ಅಂತಾರಲ್ಲ, ಅವತ್ತೇಯ. ನಾನಿದ್ದಿದ್ರೆ ಆ ನರ್ಸಮ್ಮನ ಪಕ್ಕದಾಗೇ ನಿಂತ್ಕೊಂಡು ಚುಚ್ಚಿಸ್ತಿದ್ದೆ. ಸಂಜೆಗೆ ಬಂದು ನೋಡ್ತೀನಿ, ಮಗ ಒಳ್ಳೆ ಬಂಗಾರದ ಬೊಂಬೆ ಅಂಗೆ ಅರಿಶಿನ ಬಳ್ಕೊಂಡು ಮಲಗದೆ. ಇದು ಮೂರನೇದು. ಮೂರೂ ಮಣ್ಣಿಗೋದೋ." ಅವಳು ಸೊಸೆಯ ಬೆನ್ನಿನ ಕಡೆ ಕೈ ಬೀಸಿದಳು. "ನಮ್ಮ ಮಹದೇವುಗೆ ವಂಶ ಬ್ಯಾಡ್ವಾ? ನನ್ ತಮ್ಮನ ಮಗಳೊಬ್ಳು ಅವ್ಳೆ, ಕೊಡ್ತೀನಿ ಅಂತ ಅವನೂ ಅಂತಾ ಅವ್ನೆ."

ಮಹದೇವು ಬಾಗಿಲ ಬಳಿ ಟವಲು ಹಿಂಡುತ್ತ ನಿಂತಿದ್ದ.

ಮಲಗಿದ್ದವಳ ಬೆನ್ನು ಒಂದಿಷ್ಟು ಕುಗ್ಗಿದ್ದನ್ನು ಪ್ರೇಮಲೀಲಾ ಕಂಡಳು. ಹಾಗೆ ಕುಗ್ಗುವ ಬೆನ್ನಿನ ಒಳಗೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಗಿರಿಜಾಂಬಾ ಬಗ್ಗಿ ಖಾಲಿ ತೊಟ್ಟಿಲಿನ ಬಟ್ಟೆಯನ್ನು ಎತ್ತಿ ಮೂಸಿದರು. ಅರಿಶಿನದ ವಾಸನೆ. ಎಣ್ಣೆ ನೀರು ಹಾಕುವ ಆಯಾ ನಿಂಗಮ್ಮನನ್ನು ಕರೆದು ಕೇಳಿದರೆ ಅವಳು ಕಿವಿ ಮುಟ್ಟಿಕೊಂಡಳು. ಮೈಬಣ್ಣ ತಿಳಿಯಬೇಕಾದ್ದರಿಂದ ಇಲ್ಲಿ ಮಕ್ಕಳಿಗೆ ಅರಿಶಿನ ಹಚ್ಚುವುದೇ ಇಲ್ಲ, ನರ್ಸಮ್ಮ ಮೊದಲ ದಿನವೇ ಎಲ್ಲ ಬಾಣಂತಿಯರಿಗೂ ಹೇಳಿರುತ್ತಾಳೆ. ಬಾಣಂತಿಯರು ತಮ್ಮ ಮೈಗೆ ಹಚ್ಚಿಕೊಂಡರೆ ಅಡ್ಡಿಯಿಲ್ಲ, ಬಟ್ಟಲು ಎಲ್ಲರ ತಲೆದೆಸೆಯಲ್ಲೂ ಇರುತ್ತದೆ.

ಅಷ್ಟು ಹೇಳಿ ನಿಂಗಮ್ಮ ಪಕ್ಕದ ಮಂಚದ ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಪ್ರೇಮಲೀಲಾ ಅವಳ ಹಿಂದೆ ಹೋಗಿ ಬಾಗಿಲಲ್ಲಿ ನಿಂತಳು. ಎಳೆಮಗುವಿಗೆ ನೀರು ಹಾಕುವುದನ್ನು ನೋಡುವ ಅವಕಾಶವನ್ನು ಅವಳು ಎಂದೂ ಬಿಟ್ಟವಳಲ್ಲ. ಚಾಚಿದ ಕಾಲುಗಳ ಮೇಲೆ ಮಗು ಬೋರಲಾಗಿ ಮಲಗಿ ಕಿರುಚುತ್ತಿತ್ತು. ಪುಟ್ಟ ಪಾದಗಳು ಗಾಳಿಯನ್ನು ಒದೆಯುತ್ತಿದ್ದವು. ಎರಡು ಹಿಮ್ಮಡಿಗಳಲ್ಲೂ ಒಂದೊಂದು ನೇರಳೆ ಬೊಟ್ಟು, ಗೆಜ್ಜೆ ಕಟ್ಟಲು ಜಾಗ ಗುರುತು ಮಾಡಿದ ಹಾಗೆ. ಪ್ರೇಮಲೀಲಾಗೆ ನಗು ಬಂತು. ಹೊರಗಿನ ತೊಟ್ಟಿಲು ನೆನಪಾಗಿ ನಗು ಅಲ್ಲೇ ನಿಂತಿತು.

ಮಗುವಿನ ತಾಯಿ ಬಸವಾಜಮ್ಮ ಮಾತುಗಾತಿ, ಅಂಗಡಿ ವ್ಯಾಪಾರದವರ ಸೊಸೆ. ಇಲ್ಲಿ ಒಬ್ಬರು ನೀರು ಹಾಕಿಕೊಳ್ಳಲು ಹೋದರೆ ಪಕ್ಕದ ಮಂಚದವರು ಮಗು ನೋಡಿಕೊಳ್ಳುವುದು ವಾಡಿಕೆಯೆಂದೂ, ಚಾಮುಂಡೇಶ್ವರಿ ತನ್ನ ಮಗುವನ್ನು ಸ್ವಂತದ್ದರ ಹಾಗೆ ನೋಡಿಕೊಂಡಳೆಂದೂ ಹೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಆಯಾಳ ಮೇಲೆ ದೂರು ಹೇಳಿದಳು.

"ನಮ್ಮ ಮನೇಲಿ ಹೆಸರಿಡೋವರೆಗೂ ಕಾಡಿಗೆ ಹಚ್ಚಲ್ಲ ಕಣ್ರೀ, ವಿಭೂತಿ ಒಂದೇ. ಇವನಿಗೆ ಸೂಜಿ ಚುಚ್ಚಿದ ಮಾರನೇ ದಿನ ಸ್ನಾನ ಮಾಡ್ಕೊಂಡು ಬಂದು ನೋಡ್ತೀನಿ, ಇವನ ಕಾಲಿಗೆ ಯಾರೋ ಕಾಡಿಗೆ ಮೆತ್ಬುಟ್ಟಿದಾರೆ. ಈ ನಿಂಗಮ್ಮಂದೇ ಕೆಲಸ. ಕೇಳಿದ್ರೆ ನಾನಲ್ಲ ಅಂತಾಳೆ. ಉಜ್ಜೀ ಉಜ್ಜೀ ತೊಳೆದೆ."

ಗಿರಿಜಾಂಬಾ ಕೈ ತೊಳೆಯಲೆಂದು ಬಚ್ಚಲಿಗೆ ಹೋದರು. ಈಚೆ ಬಂದಾಗ ಅವರ ಮುಖ ವಯಸ್ಸಾದವರ ಮುಖವಾಗಿತ್ತು.

ಮನೆಗೆ ನಡೆದು ಬರುವಾಗ ಅವರು ರೈಲ್ವೆ ಗೇಟಿನ ಹತ್ತಿರ ನಿಂತರು.

"ಹೇಗಾಯ್ತು, ಯಾರು ಮಾಡಿದ್ದು, ಎರಡೂ ಗೊತ್ತಾಯ್ತು ಪ್ರೇಮ. ಯಾಕೆ ಅನ್ನೋದು ಗೊತ್ತಾಗ್ತಿಲ್ಲ. ಮಗುವಿಗೆ ಕಾಯಿಲೆ ಇದೆ ಅಂತ ತಿಳಿದೂ ಅದು ಯಾರಿಗೂ ತಿಳೀದೆ ಇರಲಿ ಅಂತ ಯಾರಾದರೂ ಬಯಸ್ತಾರಾ?"

ಪ್ರೇಮಲೀಲಾ ಮುಚ್ಚಿದ ಗೇಟನ್ನು ನೋಡುತ್ತಿದ್ದಳು. ಅವಳ ಮದುವೆಯಾದ ಕೆಲವು ವರ್ಷಕ್ಕೆ ಗಂಡನ ಮನೆಯವರು ಅವಳನ್ನು ಲೇಡಿ ಡಾಕ್ಟರ ಬಳಿ ಕರೆದೊಯ್ದಿದ್ದರು. ಆ ಡಾಕ್ಟರು ಒಳ್ಳೆಯವರು, ಬೆನ್ನು ಸವರಿ ನಿಜ ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆಗೂ ಹೇಳಿದರು. ಅಷ್ಟು ದಿನ ಆ ಮನೆಯಲ್ಲಿ ಅವಳಿಗೆ ಇಂದಲ್ಲ ನಾಳೆ ಎಂಬುದೊಂದಿತ್ತು. ಜಟಕಾದಲ್ಲಿ ಮನೆಗೆ ವಾಪಸು ಬರುವಷ್ಟರಲ್ಲಿ ಅದು ಇರಲಿಲ್ಲ. ಆ ಡಾಕ್ಟರು ಬಾಯಿ ಬಿಡದೆ ಇದ್ದಿದ್ದರೆ ಎಂದು ಅವಳು ಎಷ್ಟೋ ವರ್ಷ ಅಂದುಕೊಂಡಿದ್ದಳು.

"ಬಯಸ್ತಾರೆ ಅಕ್ಕ," ಎಂದಳು. "ಎಲ್ಲರ ಮುಂದೆ ಹೇಳಲೇಬೇಕಾ?"

ಗಿರಿಜಾಂಬಾ ಅವಳನ್ನು ನೋಡಿದರು. ಆಗ ಅವರಿಗೂ ತಿಳಿಯಿತು. "ಹೇಳದಿದ್ರೆ ದೇವಿರಮ್ಮ ಹೋಗ್ತಾಳೆ," ಎಂದರು. "ಒಬ್ಬಳನ್ನ ಉಳಿಸೋಕೆ ಇನ್ನೊಬ್ಬಳನ್ನ ಕೊಡಬೇಕು. ಇಂಥ ಕೆಲಸ ನನಗೆ ಯಾವತ್ತೂ ಬಂದಿರಲಿಲ್ಲ."

ಮಾರನೆಯ ದಿನ ಎಲ್ಲರೂ ಆ ಉದ್ದ ಕೋಣೆಯಲ್ಲೇ ಸೇರಿದರು. ಏಕಾಂತಯ್ಯನವರಿಗೆ ಕುರ್ಚಿ ಹಾಕಿದ್ದರು. ಸದಾಶಿವಯ್ಯ ನಿಂತೇ ಇದ್ದರು. ದೇವಿರಮ್ಮ ಕಿಟಕಿಯ ಬಳಿ, ತಾನು ದಿನಾ ಮಕ್ಕಳನ್ನು ಬೆಳಕಿಗೆ ಹಿಡಿಯುತ್ತಿದ್ದ ಜಾಗದಲ್ಲಿ, ಕೈಕಟ್ಟಿ ನಿಂತಿದ್ದಳು. ಪೊಲೀಸರ ಬಳಿ ಹೋಗುವುದನ್ನು ಒಂದು ದಿನ ತಡೆಯಲು ಮಹದೇವು ಒಪ್ಪಿದ್ದ. ಗಿರಿಜಾಂಬಾ ಬಸವಾಜಮ್ಮನ ಮಗುವನ್ನು ಮಡಿಲಿಗೆ ತೆಗೆದುಕೊಂಡು, ಸುತ್ತಿದ್ದ ಬಟ್ಟೆ ಬಿಡಿಸಿ, ಪಾದಗಳನ್ನು ಡಾಕ್ಟರ ಕಡೆ ತಿರುಗಿಸಿದರು.

"ಈ ಮನೆಯ ಪ್ರತಿ ಮಗುವಿಗೂ ಒಂದೇ ಬೊಟ್ಟು, ಎಡಗಾಲಿಗೆ. ಇದಕ್ಕೆ ಎರಡಿದೆ. ಸತ್ತ ಮಗುವಿಗೆ ಒಂದೂ ಇರಲಿಲ್ಲ. ಆ ಮಗುವಿನ ಹೆಸರಲ್ಲಿ ಬೆಳಕಿಗೆ ಬಂದದ್ದು ಈ ಮಗು."

ಬಸವಾಜಮ್ಮ ಎದ್ದು ಮಗುವನ್ನು ಕಸಿದುಕೊಂಡಳು.

ಏಕಾಂತಯ್ಯ ತಕ್ಷಣ ಒಪ್ಪುವ ಜಾತಿಯವರಲ್ಲ. ನರ್ಸು ಬೇಕೆಂದೇ ಒಂದೇ ಮಗುವಿಗೆ ಎರಡು ಸಲ ಚುಚ್ಚಿರಬಹುದಲ್ಲ ಎಂದರು. ಹಾಗಿದ್ದರೆ ಎಡಗಾಲಿನ ಬೊಟ್ಟಿಗೆ ಕಾಡಿಗೆ ಬಳಿಯುವ ಅಗತ್ಯ ಅವಳಿಗೇನಿತ್ತು, ಯಾರ ಕಣ್ಣಿಂದ ಅದನ್ನು ಮುಚ್ಚಬೇಕಿತ್ತು ಎಂದು ಗಿರಿಜಾಂಬಾ ಕೇಳಿದರು. ಮುಚ್ಚಬೇಕಾದದ್ದು ನರ್ಸಿನ ಕಣ್ಣಿನಿಂದ. ಹಿಂದಿನ ದಿನವೇ ಪರೀಕ್ಷೆಯಾಗಿದ್ದ ಮಗು ಇದು, ಬೊಟ್ಟು ಕಂಡಿದ್ದರೆ ಅವಳು ಅಲ್ಲೇ ಗುರುತು ಹಿಡಿಯುತ್ತಿದ್ದಳು. ಆ ಕಾಡಿಗೆಯನ್ನು ದೇವಿರಮ್ಮ ಕಂಡಿದ್ದಳು, ಸ್ನಾನ ಮುಗಿಸಿ ಬಂದ ಬಸವಾಜಮ್ಮನೂ ಕಂಡಿದ್ದಳು. ಇಬ್ಬರೂ ಒಂದೇ ಕಾಲನ್ನು ನೋಡಿದ್ದರು.

ಎಣ್ಣೆ ನೀರಿನ ಗಡಿಬಿಡಿಯಲ್ಲಿ ಆಯಾ ಮಕ್ಕಳನ್ನು ಅದಲುಬದಲು ಮಾಡಿರಬಹುದೇ ಎಂದು ಸದಾಶಿವಯ್ಯ ಆಸೆಯಿಂದ ಕೇಳಿದರು. ಕೈತಪ್ಪಿ ಆದದ್ದಕ್ಕೆ ಕಾಡಿಗೆ ಬೇಕಾಗುವುದಿಲ್ಲ ಎಂದರು ಗಿರಿಜಾಂಬಾ. ಪರೀಕ್ಷೆ ಮುಗಿದ ಮೇಲೆ ಎರಡು ಮಕ್ಕಳೂ ತಮ್ಮ ತಮ್ಮ ತೊಟ್ಟಿಲು ಸೇರಿದ್ದವು, ಇದು ತಿಳಿದು ಮಾಡಿದ ಕೆಲಸ. ಇನ್ನು ಅರಿಶಿನ. ಹಚ್ಚಬಾರದೆಂಬ ಕಡೆ ಒಂದೇ ಒಂದು ಮಗುವಿಗೆ ಅರಿಶಿನ ಬಳಿದವರಿಗೆ ಅದರಡಿಯ ಹಳದಿ ಕಂಡಿತ್ತು. ಅದು ಎಂಥ ಹಳದಿ ಎನ್ನುವುದೂ ಗೊತ್ತಿತ್ತು, ಮುಂಚೆ ನೋಡಿದ್ದರಿಂದ.

ಎಲ್ಲರ ಕಣ್ಣೂ ಕೆಂಚಮ್ಮನ ಮೇಲೆ ಹೋಯಿತು. ಕೆಂಚಮ್ಮ ಎದ್ದು ನಿಂತಳು. "ನನ್ನ ಮೊಮ್ಮಗನಿಗೆ ನಾನು..." ಎಂದಳು.

"ನೀವಲ್ಲ ಕೆಂಚಮ್ಮ. ನೀವು ನಂಜನಗೂಡಿನಲ್ಲಿದ್ರಿ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಸವಾಜಮ್ಮ ಸ್ನಾನಕ್ಕೆ ಹೋಗುವಾಗ ಮಗೂನ ಯಾರ ಕೈಲಿ ಕೊಟ್ಟು ಹೋದಳು? ನರ್ಸಿನ ಮುಂದೆ ನಡುಗುವ ಕೈಲಿ ಮಗು ಹಿಡಿದು ನಿಂತವರು ಯಾರು? ಮೂರನೆಯ ಹೆರಿಗೇನ ಮೊದಲನೆಯದು ಅಂದವರು ಯಾರು?"

ಗೋಡೆಯ ಕಡೆ ತಿರುಗಿದ್ದ ಮುಖ ಮೆಲ್ಲಗೆ ಈಚೆ ತಿರುಗಿತು. ಚಾಮುಂಡೇಶ್ವರಿಯ ದನಿಯನ್ನು ಅಲ್ಲಿದ್ದ ಹಲವರು ಕೇಳಿದ್ದು ಅದೇ ಮೊದಲು.

"ಅವೆರಡೂ ಇಂಗೇ ಹಳದಿಯಾಗೇ ಹೋದೋ. ಇದರ ಕಣ್ಣಲ್ಲೂ ಬೆಳಗ್ಗೆ ಹಳದಿ ಕಾಣ್ತು. ನರ್ಸಮ್ಮ ನೋಡಿದ್ರೆ ಹೇಳ್ಬುಡ್ತಾಳೆ. ಹೇಳ್ಬುಟ್ರೆ ನಮ್ಮತ್ತೆ ಈ ಕೂಸು ಸಾಯೋಗಂಟಾನೂ ಕಾಯಾಕಿಲ್ಲ, ಹೆಣ್ಣು ಕೇಳಾಕೆ ಹೊಂಟೋಯ್ತಾರೆ. ಹೆಸರಿಡೋ ಗಂಟ ಮುಚ್ಕೊಂಡ್ರೆ ಇಳ್ದೋಗ್ಬೋದು ಅಂದ್ಕೊಂಡೆ. ಒಬ್ಬೊಬ್ರಿಗೆ ಇಳೀತದಂತೆ." ಅವಳು ದೇವಿರಮ್ಮನ ಕಡೆ ನೋಡಿದಳು. "ನಿಮ್ಮ ಮೇಲೆ ಬಂದಾಗ ಹೇಳ್ಬೇಕು ಅಂತಿದ್ದೆ. ಬಾಯಿ ಬರಲಿಲ್ಲ."

ದೇವಿರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಉಳಿದುಕೊಂಡವಳು ಹಾಗೆ ಅಳುವುದನ್ನು ಪ್ರೇಮಲೀಲಾ ಎಂದೂ ನೋಡಿರಲಿಲ್ಲ.

ಏಕಾಂತಯ್ಯ ಕನ್ನಡಕ ತೆಗೆದರು. ಇದು ಗಂಡ ಹೆಂಡಿರ ರಕ್ತದ ಗುಣ ಒಂದಕ್ಕೊಂದು ಹೊಂದದೆ ಬರುವ ಕಾಮಾಲೆ, ಇದರಲ್ಲಿ ಯಾರ ತಪ್ಪೂ ಇಲ್ಲ, ದೃಷ್ಟಿಯೂ ಇಲ್ಲ ಶಾಪವೂ ಇಲ್ಲ ಎಂದು ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಕೆಂಚಮ್ಮ ಅದರಲ್ಲಿ ರಕ್ತ ಹೊಂದುವುದಿಲ್ಲ ಎಂಬಷ್ಟನ್ನು ಮಾತ್ರ ಕೇಳಿಸಿಕೊಂಡಳು.

"ಸರಿ ಬುಡಿ ಸ್ವಾಮಿ. ಹೊಂದೋಳ್ನೇ ತರ್ತೀವಿ," ಎಂದಳು. ಗಂಟು ಎತ್ತಿಕೊಂಡು ಮಗನ ತೋಳು ಹಿಡಿದಳು. ಮಹದೇವು ಒಂದು ಸಲ ಮಂಚದ ಕಡೆ ತಿರುಗಿ ನೋಡಿದ. ತಾಯಿಯ ಹಿಂದೆ ಬಸ್ಸಿಗೆ ನಡೆದ. ಎರಡನೆಯ ಮದುವೆ ಕೂಡದೆಂದು ಕಾನೂನು ಬಂದು ಕೆಲವು ವರ್ಷವಾಗಿತ್ತು. ಅದನ್ನು ಅವರಿಗೆ ಕೂಗಿ ಹೇಳಬೇಕೆಂದು ಪ್ರೇಮಲೀಲಾಗೆ ಅನ್ನಿಸಿತು. ಹೇಳಿ ಏನು ಮಾಡುವುದೆಂದೂ ಅನ್ನಿಸಿತು.

ಜಗಲಿಯಲ್ಲಿ ಏಕಾಂತಯ್ಯನವರು ಗಿರಿಜಾಂಬಾಗೆ ಹೇಳಿದ್ದು ಒಳಗಿನವರಿಗೆ ಕೇಳಿಸಲಿಲ್ಲ, ಪ್ರೇಮಲೀಲಾಗೆ ಕೇಳಿಸಿತು. ಆ ಬೆಳಗ್ಗೆಯೇ ತಿಳಿದಿದ್ದರೆ ಬೆಂಗಳೂರಿಗೆ ಕಳಿಸಬಹುದಿತ್ತು. ಅಲ್ಲಿ ಮಗುವಿನ ರಕ್ತವನ್ನೇ ಬದಲಾಯಿಸುವ ಚಿಕಿತ್ಸೆ ಶುರುವಾಗಿದೆ. ಬಹುಪಾಲು ಉಳಿಯುತ್ತಿತ್ತು. ಸರ್ಕಾರ ದುಡ್ಡು ಕೊಟ್ಟದ್ದು ಇಂಥದೊಂದು ಮಗುವನ್ನು ಹುಡುಕುವುದಕ್ಕೇ.

"ನರ್ಸಿಂದು ತಪ್ಪಿಲ್ಲ ಅಂತ ಬರೀತೀನಿ," ಎಂದರು. "ಆದರೆ ತಾಯಂದಿರೇ ಮಗು ಬಚ್ಚಿಡೋ ಕಡೆ ಯೋಜನೆ ನಡೆಯೋದಿಲ್ಲ ಅಂತಾನೂ ಬರೀಬೇಕಾಗುತ್ತೆ. ಅನುದಾನ ಮುಂದುವರಿಯೋದು ಕಷ್ಟ."

"ಮಗುವಿಗೆ ಕಾಯಿಲೆ ಅಂತ ಹೇಳಿದ ಮೇಲೆ ತಾಯಿ ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಬರೀತೀರಾ?" ಎಂದು ಕೇಳಿದರು ಗಿರಿಜಾಂಬಾ. ಏಕಾಂತಯ್ಯ ಕನ್ನಡಕ ಹಾಕಿಕೊಂಡು ಗೇಟಿನ ಕಡೆ ನಡೆದರು. ವರದಿಯಲ್ಲಿ ಅದಕ್ಕೆ ಜಾಗವಿರಲಿಲ್ಲವೋ ಏನೋ.

ಇಬ್ಬರೂ ಒಳಗೆ ಬಂದಾಗ ಕೋಣೆ ಖಾಲಿಯಾದ ಹಾಗಿತ್ತು. ಬಸವಾಜಮ್ಮ ಮಗುವನ್ನೆತ್ತಿಕೊಂಡು ಬಾಗಿಲ ಬಳಿಯ ಮಂಚಕ್ಕೆ ಹೋಗಿಬಿಟ್ಟಿದ್ದಳು. ಚಾಮುಂಡೇಶ್ವರಿ ಎದ್ದು ಕೂತು, ತೊಟ್ಟಿಲಿನ ಹಳದಿ ಬಟ್ಟೆಯನ್ನು ಮಡಿಸುತ್ತಿದ್ದಳು. ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದಳು. ಪ್ರೇಮಲೀಲಾ ಹೋಗಿ ಪಕ್ಕದಲ್ಲಿ ಕೂತಳು. ತಮ್ಮ ಮನೆಯಲ್ಲಿ ಇನ್ನೊಂದು ಟ್ರಂಕಿಗೆ ಜಾಗವಿದೆ ಎಂದು ಹೇಳಬೇಕೆಂದುಕೊಂಡಿದ್ದಳು. ಅಷ್ಟರಲ್ಲಿ ಚಾಮುಂಡೇಶ್ವರಿಯೇ ಕೇಳಿದಳು.

"ಅವತ್ತು ತೋರ್ಸಿದ್ರೆ ಬದುಕ್ತಿತ್ತಾ ಅವ್ವ?"

ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟೇ ಅಭ್ಯಾಸವಾಗಿದ್ದ ಗಿರಿಜಾಂಬಾ ಕಿಟಕಿಯಾಚೆ ನೋಡುತ್ತ ನಿಂತರು.

"ಇಲ್ಲ ಕಣಮ್ಮ," ಎಂದಳು ಪ್ರೇಮಲೀಲಾ. "ಯಾರಿಂದಲೂ ಆಗ್ತಿರಲಿಲ್ಲವಂತೆ. ಡಾಕ್ಟರೇ ಹೇಳಿದ್ರು."

ಚಾಮುಂಡೇಶ್ವರಿ ಅವಳ ಮುಖ ನೋಡಿದಳು. ಆಮೇಲೆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಸಮಾಧಾನ ಹೇಳಬೇಕಾದವಳು ತಾನೇ ಎಂಬಂತೆ, ಪ್ರೇಮಲೀಲಾಳ ಕೈ ಮೇಲೆ ಕೈಯಿಟ್ಟಳು.

"ಬುಡಿ ಅವ್ವ," ಎಂದಳು. "ಇಷ್ಟು ದಿನ ನಾನೂ ಇಂಗೇ ಮುಖ ಇಟ್ಕೊಂಡಿದ್ದೆ."